ರೀಫಂಡ್ 5,100 ಅಂತ ತೋರಿಸಿ 1,722 ಮಾತ್ರ ಬಂದಿದ್ದು ಯಾಕೆ?

ಎಚ್‌1ಬಿ ಕೆಲಸದ ವೀಸಾದಲ್ಲಿ ಅಮೆರಿಕಕ್ಕೆ ಬಂದು, 2025ರ ಆದಾಯಕ್ಕೆ ಮೊದಲ ಸಲ ರಿಟರ್ನ್ ಹಾಕಿದ್ದೀರಿ. ಹೆಂಡತಿ, ಇಬ್ಬರು ಮಕ್ಕಳು ಬಂದಿರೋದು ಎಚ್‌4, ಅಂದರೆ ನಿಮ್ಮ ಕುಟುಂಬದವರಾಗಿ ಬರೋ ವೀಸಾದಲ್ಲಿ. ಅವರ ಐಟಿಐಎನ್ (ಸೋಷಿಯಲ್ ಸೆಕ್ಯುರಿಟಿ ನಂಬರ್ ಸಿಗದವರಿಗೆ ಕೊಡೋ ಟ್ಯಾಕ್ಸ್ ನಂಬರ್) ಅರ್ಜಿಯನ್ನೂ ರಿಟರ್ನ್ ಜೊತೆಗೇ ಮಾರ್ಚ್‌ನಲ್ಲಿ ಪೋಸ್ಟ್ ಮಾಡಿದಿರಿ. ಸಾಫ್ಟ್‌ವೇರ್ ತೋರಿಸಿದ್ದು 5,100 ಡಾಲರ್, ಜುಲೈನಲ್ಲಿ ಬ್ಯಾಂಕಿಗೆ ಬಂದಿದ್ದು 1,722. ಉಳಿದಿದ್ದು ಎಲ್ಲಿ ಹೋಯ್ತು ಅಂತ ಕೇಳಿದ್ದೀರಿ.

ಮೊದಲು ತಲೆ ಕೆಡಿಸ್ಕೋಬೇಡಿ. ಸಾಫ್ಟ್‌ವೇರ್ ತೋರಿಸೋದು ನೀವು ಕೇಳಿದ ಮೊತ್ತ, ಅಷ್ಟೇ. ಕೊಡೋದು ಎಷ್ಟು ಅಂತ ನಿರ್ಧರಿಸೋದು ಐಆರ್‌ಎಸ್, ಅಂದರೆ ಅಮೆರಿಕದ ಆದಾಯ ತೆರಿಗೆ ಇಲಾಖೆ.

ಐಆರ್‌ಎಸ್ ವೆಬ್‌ಸೈಟಿನಲ್ಲಿ ನಿಮ್ಮ ಖಾತೆ ತೆರೆದು 2025ರ ಅಕೌಂಟ್ ಟ್ರಾನ್ಸ್‌ಕ್ರಿಪ್ಟ್, ಅಂದರೆ ನಿಮ್ಮ ಟ್ಯಾಕ್ಸ್ ಖಾತೆಯ ಲೆಕ್ಕಪಟ್ಟಿ ನೋಡಿ. ಅದರಲ್ಲಿ 846 ಅನ್ನೋ ಕೋಡ್ ಹುಡುಕಿ. ಅದು ಅವರು ಬಿಡುಗಡೆ ಮಾಡಿದ ರೀಫಂಡ್. ಅಲ್ಲೂ 1,722 ಅಂತಲೇ ಇದ್ದರೆ ಐಆರ್‌ಎಸ್‌ನವರೇ ಲೆಕ್ಕ ತಿದ್ದಿದ್ದಾರೆ. ಅಲ್ಲಿ ಜಾಸ್ತಿ ಇದ್ದು ಬ್ಯಾಂಕಿಗೆ ಕಮ್ಮಿ ಬಂದಿದ್ದರೆ ದಾರಿಯಲ್ಲಿ ಯಾರೋ ಹಿಡಿದುಕೊಂಡಿದ್ದಾರೆ: ಹಳೇ ಸ್ಟೇಟ್ ಟ್ಯಾಕ್ಸ್ ಬಾಕಿ, ಸರ್ಕಾರಿ ಸ್ಟೂಡೆಂಟ್ ಲೋನ್ ಇಂಥವಕ್ಕೆ ಹಾಗಾಗುತ್ತೆ. ಹೊಸದಾಗಿ ಬಂದ ನಿಮಗೆ ಅದೆಲ್ಲ ಎಲ್ಲಿಂದ ಬರಬೇಕು? ಇನ್ನು ಸ್ಟೇಟ್ ರೀಫಂಡ್ ಬೇರೆಯಾಗೇ ಬರುತ್ತೆ. ಅದನ್ನೂ 5,100ರಲ್ಲಿ ಸೇರಿಸಿಲ್ಲ ತಾನೇ?

ನನ್ನ ಅನುಮಾನ ಇರೋದು ಮಕ್ಕಳ ಕ್ರೆಡಿಟ್ ಮೇಲೆ, ಅಂದರೆ ಮಕ್ಕಳಿದ್ದವರಿಗೆ ಟ್ಯಾಕ್ಸಿನಲ್ಲಿ ಬಿಡೋ ಮೊತ್ತದ ಮೇಲೆ. 2025ಕ್ಕೆ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ಒಂದು ಮಗುವಿಗೆ 2,200 ಡಾಲರ್. ಆದರೆ ಮಗುವಿಗೆ ಕೆಲಸಕ್ಕೆ ಸಲ್ಲುವಂಥ ಸೋಷಿಯಲ್ ಸೆಕ್ಯುರಿಟಿ ನಂಬರ್ ಇರಲೇಬೇಕು. ಎಚ್‌4 ಮಕ್ಕಳಿಗೆ ಅದು ಸಿಗಲ್ಲ, 9ರಿಂದ ಶುರುವಾಗೋ ಐಟಿಐಎನ್ ಸಿಗುತ್ತೆ. ಅಂಥ ಮಕ್ಕಳಿಗೆ ಸಿಗೋ ಕ್ರೆಡಿಟ್ 500 ಡಾಲರ್ ಮಾತ್ರ. ಅರ್ಜಿ ಹಾಕೋವಾಗ ನಂಬರೇ ಬಂದಿರಲಿಲ್ಲವಲ್ಲ, ಸಾಫ್ಟ್‌ವೇರ್‌ನಲ್ಲಿ 'ಮಗುವಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಇದೆಯಾ' ಅನ್ನೋ ಪ್ರಶ್ನೆಗೆ ಸುಮ್ನೆ 'ಹೌದು' ಒತ್ತಿರಬಹುದು.

ಈಗ ಕೂಡಿ ಕಳೆದು ನೋಡಿ. ತಲೆಗೆ 1,700 ಕಮ್ಮಿ, ಇಬ್ಬರಿಗೆ 3,400. 5,100ರಲ್ಲಿ ಅದನ್ನು ಕಳೆದರೆ 1,700. ಉಳಿದ 22 ಡಾಲರ್? ಅದು ಬಡ್ಡಿ. ಸಮಯಕ್ಕೆ ಹಾಕಿದ ರಿಟರ್ನ್‌ಗೆ ಏಪ್ರಿಲ್ ಗಡುವು ದಾಟಿ 45 ದಿನದೊಳಗೆ ರೀಫಂಡ್ ಕೊಡದಿದ್ದರೆ ಐಆರ್‌ಎಸ್ ಬಡ್ಡಿ ಸೇರಿಸಿ ಕೊಡಬೇಕು. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಅದು 776 ಅಂತ ಕಾಣುತ್ತೆ. ಮುಂದಿನ ವರ್ಷ ಆ ಬಡ್ಡಿಯನ್ನೂ ಆದಾಯ ಅಂತ ತೋರಿಸಬೇಕು, ನಗಬೇಡಿ.

'ನಮ್ಮ ಮಕ್ಕಳಿಗೆ ಐಟಿಐಎನ್ ಇದ್ದಾಗಲೂ ಪೂರ್ತಿ ಕೊಟ್ಟಿದ್ರು' ಅಂತ ಇಲ್ಲಿನ ಹಳಬರು ಹೇಳ್ತಾರೆ. ಸುಳ್ಳಲ್ಲ, ಆದರೆ ಅದು 2018ಕ್ಕೆ ಮುಂಚಿನ ಕಾನೂನು. ಇಲ್ಲೇ ಹುಟ್ಟಿದ ಮಗುವಿನ ಅಪ್ಪನ ಜೊತೆಗೂ ನಿಮ್ಮ ರೀಫಂಡ್ ಹೋಲಿಸಬೇಡಿ. ಸಂಬಳ ಒಂದೇ ಇದ್ದರೂ ಲೆಕ್ಕ ಬೇರೆ.

ಇದೇ ಕಾರಣ ಆಗಿದ್ದರೆ ಐಆರ್‌ಎಸ್‌ನಿಂದ ಲೆಕ್ಕ ತಿದ್ದಿದ್ದನ್ನು ತಿಳಿಸೋ ಸಿಪಿ12 ಅನ್ನೋ ಪತ್ರ ಬರುತ್ತೆ. ಹಣ ಮೊದಲು, ಪತ್ರ ಆಮೇಲೆ ಬರೋದೂ ಉಂಟು. ಅವರ ತಿದ್ದುಪಡಿ ಸರಿ ಅನ್ನಿಸಿದರೆ ಏನೂ ಮಾಡಬೇಕಿಲ್ಲ. ಒಪ್ಪದಿದ್ದರೆ ಪತ್ರದ ತಾರೀಖಿನಿಂದ 60 ದಿನದೊಳಗೆ ತಿಳಿಸಬೇಕು. ಪತ್ರ ಬರೋ ಮುಂಚೆ ಗಾಬರಿಯಲ್ಲಿ 1040-ಎಕ್ಸ್ (ರಿಟರ್ನ್ ತಿದ್ದೋ ಫಾರ್ಮ್) ಹಾಕೋಕೆ ಹೋಗಬೇಡಿ, ಎರಡೂ ಸೇರಿ ಗೋಜಲಾಗುತ್ತೆ.

1,700 ಕ್ಕಿಂತಲೂ ಕಮ್ಮಿ ಬಂದಿದ್ದರೆ ಐಟಿಐಎನ್ ಅರ್ಜಿಯೇ ತಿರಸ್ಕಾರ ಆಯ್ತಾ ಅಂತ ನೋಡಿ ಅಂತಿದ್ದೆ, ಯಾಕೆಂದರೆ ಆಗ 500 ಕೂಡ ಸಿಗಲ್ಲ. ಪಾಸ್‌ಪೋರ್ಟಿನ ಬರೀ ಜೆರಾಕ್ಸ್ ಕಳಿಸಿದವರಿಗೆ ಹಾಗಾಗುತ್ತೆ. ನಿಮ್ಮ ಲೆಕ್ಕ ನೋಡಿದರೆ ಆ ಚಿಂತೆ ಕಾಣಲ್ಲ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಕೆಲಸಕ್ಕೆ ಸೇರುವಾಗ ಆಫೀಸಿನಲ್ಲಿ ತುಂಬಿದ ಡಬ್ಲ್ಯು-4 ತೆಗೆಸಿ ನೋಡಿ. ಸಂಬಳದಲ್ಲಿ ಎಷ್ಟು ಟ್ಯಾಕ್ಸ್ ಹಿಡಿಯಬೇಕು ಅಂತ ಹೇಳೋ ಫಾರ್ಮ್ ಅದು. ಅದರ ಮೂರನೇ ಸ್ಟೆಪ್‌ನಲ್ಲಿ ಇಬ್ಬರು ಮಕ್ಕಳಿಗೂ ಪೂರ್ತಿ ಕ್ರೆಡಿಟ್ ಬರೆದಿದ್ದರೆ ಪ್ರತಿ ಸಂಬಳದಲ್ಲೂ ಟ್ಯಾಕ್ಸ್ ಕಮ್ಮಿ ಕಟ್ ಆಗ್ತಿರುತ್ತೆ. ಮುಂದಿನ ಏಪ್ರಿಲ್‌ನಲ್ಲಿ ರೀಫಂಡ್ ಹಾಗಿರಲಿ, ನೀವೇ ಕಟ್ಟಬೇಕಾಗಬಹುದು. ಅಲ್ಲಿ ಮಕ್ಕಳ ಲೆಕ್ಕ ತಲಾ 500 ಅಂತ ತಿದ್ದಿ ಎಚ್‌ಆರ್‌ಗೆ ಈ ವಾರವೇ ಕೊಡಿ.