ಮಳೆ ಬಂದ ವರ್ಷ ಕಡಲಲ್ಲಿ ಬರ

ಪ್ರಶ್ನೆ: ಎಲ್ ನಿನೋ ವರ್ಷ ಗಲಾಪಗೋಸ್ ದ್ವೀಪಗಳಲ್ಲಿ ಜೋರು ಮಳೆಯಂತೆ. ಅದೇ ವರ್ಷ ಅಲ್ಲಿನ ಕಡಲ ಇಗ್ವಾನಾಗಳು (ಪಾಚಿ ತಿಂದು ಬದುಕುವ ದೊಡ್ಡ ಹಲ್ಲಿಗಳು) ಹಸಿವಿನಿಂದ ಸತ್ತವಂತೆ. ಎರಡೂ ಹೇಗೆ ನಿಜವಾದೀತು?

ಉತ್ತರ: ಎರಡೂ ನಿಜ. ಈಕ್ವೆಡಾರ್‌ಗೆ ಸೇರಿದ ಈ ದ್ವೀಪಗಳಲ್ಲಿ ದಂಡೆಯ ಜೀವಿಗಳಿಗೆ ಊಟ ಬರುವುದು ಕಡಲಿನ ಆಳದಿಂದ. ಸಮಭಾಜಕದ ಗುಂಟ ಪೂರ್ವಕ್ಕೆ ನೀರಿನಡಿಯಲ್ಲೇ ಹರಿಯುವ ತಣ್ಣನೆಯ ಕ್ರಾಮ್‌ವೆಲ್ ಪ್ರವಾಹ ಫರ್ನಾಂಡಿನಾ, ಇಸಬೆಲಾ ದ್ವೀಪಗಳ ಬುಡಕ್ಕೆ ಬಡಿದು ಮೇಲೇಳುತ್ತದೆ. ಅದರೊಂದಿಗೆ ನೈಟ್ರೇಟ್, ಫಾಸ್ಫೇಟ್, ಕಬ್ಬಿಣದ ಅಂಶ ಬಿಸಿಲಿಗೆ ಬರುತ್ತವೆ. ಅದನ್ನುಂಡು ಪಾಚಿ ಚಿಗುರುತ್ತದೆ, ಮೀನು ಕೂಡುತ್ತದೆ. ಸಮಭಾಜಕದಲ್ಲಿ ಪೆಂಗ್ವಿನ್ ಬದುಕಿರುವುದೂ ಈ ತಣ್ಣೀರಿನ ಕೃಪೆಯಿಂದಲೇ.

ಎಲ್ ನಿನೋ ಬಂದಾಗ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ವಾಣಿಜ್ಯ ಮಾರುತಗಳು ಸೊರಗುತ್ತವೆ. ಬೆಚ್ಚನೆಯ ನೀರು ಪೂರ್ವಕ್ಕೆ ಬಂದು ದಪ್ಪ ಕಂಬಳಿಯಂತೆ ಹರಡುತ್ತದೆ. ಗೊಬ್ಬರವೆಲ್ಲ ಕೆಳಗೇ ಉಳಿಯುತ್ತದೆ. 1982-83ರ ಎಲ್ ನಿನೋದಲ್ಲಿ ಗಲಾಪಗೋಸ್ ಪೆಂಗ್ವಿನ್‌ಗಳ ಸಂಖ್ಯೆ ಸುಮಾರು ಶೇ. 77ರಷ್ಟು ಕುಸಿಯಿತು.

ಅದೇ ಹೊತ್ತಿಗೆ ಬಿಸಿ ಕಡಲಿನ ಆವಿ ಮಳೆಯಾಗಿ ಸುರಿದು ನೆಲದ ಮೇಲೆ ಸುಗ್ಗಿ. ಜೀವವಿಜ್ಞಾನಿಗಳಾದ ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ 1973ರಿಂದ ಅಧ್ಯಯನ ಮಾಡುತ್ತಿದ್ದ ಡಾಫ್ನೆ ಮೇಜರ್ ದ್ವೀಪದಲ್ಲಿ ಬಳ್ಳಿಗಳು ಹಬ್ಬಿ, ಬೀಜ ತಿನ್ನುವ ಪುಟ್ಟ ಫಿಂಚ್ ಹಕ್ಕಿಗಳು ಮತ್ತೆ ಮತ್ತೆ ಮರಿ ಮಾಡಿದವು. ಮಳೆ ನಿಂತ ಮೇಲೆ ಉಳಿದದ್ದು ಬಹುಪಾಲು ಸಣ್ಣ ಬೀಜ. ಮುಂದಿನ ಬರದಲ್ಲಿ ಸಣ್ಣ ಕೊಕ್ಕಿನವಕ್ಕೇ ಅನುಕೂಲವಾಯಿತು.

ಈಗ ನಿಮ್ಮ ಇಗ್ವಾನಾಗೆ ಬರುತ್ತೇನೆ, ನನ್ನ ಮನಸ್ಸು ಸದಾ ಅಲ್ಲೇ ನಿಲ್ಲುತ್ತದೆ. ಬಿಸಿನೀರಿಗೆ ಬಂಡೆಯ ಮೇಲಿನ ಮೆದು ಹಸಿರು, ಕೆಂಪು ಪಾಚಿ ಕಣ್ಮರೆಯಾಗಿ ಕಂದು ಪಾಚಿ ಬೆಳೆಯುತ್ತದೆ. ಅದು ಇವಕ್ಕೆ ಸರಿಯಾಗಿ ಅರಗದು. ಹೊಟ್ಟೆ ತುಂಬ ಪಾಚಿ ಇದ್ದೂ ಸಾಯುತ್ತವೆ, ಪಾಪ. ಬದುಕುಳಿದವು ಏನು ಮಾಡಿದವು ಗೊತ್ತೇ? ಕುಗ್ಗಿದವು! ತೂಕವಲ್ಲ, ಉದ್ದವೇ. ಸಂಶೋಧಕರಾದ ಮಾರ್ಟಿನ್ ವಿಕೆಲ್ಸ್ಕಿ ಮತ್ತು ಕೊರಿನಾ ಥಾಮ್ 2000ದಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ ಗರಿಷ್ಠ 6.8 ಸೆಂ.ಮೀ. ಇದನ್ನು ಮೊದಲು ಓದಿದ ದಿನ ಅಳತೆಪಟ್ಟಿ ತೆಗೆದು ಬೆರಳಿಟ್ಟು ನೋಡಿದ್ದೆ: ನನ್ನ ತೋರುಬೆರಳಿನಷ್ಟು! ಹೆಚ್ಚು ಕುಗ್ಗಿದವೇ ಹೆಚ್ಚು ಕಾಲ ಬಾಳಿದವು. ತಣ್ಣೀರು ಮರಳಿ ಪಾಚಿ ಚಿಗುರಿದಾಗ ಅವೇ ಇಗ್ವಾನಾಗಳು ಮತ್ತೆ ಉದ್ದ ಬೆಳೆದವು.