ಪತ್ತೇದಾರಿ ಮತ್ತು ಸೈಕಲಾಜಿಕಲ್ ಥ್ರಿಲ್ಲರ್ ಕಾದಂಬರಿಗಳನ್ನು ಓದುವ ಬದಲು ಆಡಿಯೊ ಪುಸ್ತಕವಾಗಿ ಕೇಳಿದರೆ ಕುತೂಹಲ ಉಳಿಯುತ್ತದೆಯೇ? ಯಾವುದರಿಂದ ಆರಂಭಿಸಲಿ?

ಉಳಿಯುತ್ತದೆ, ಓದಿ ಹೇಳುವವರು ಕೆಡಿಸದಿದ್ದರೆ. ದಿನಕ್ಕೆ ಎರಡು ಗಂಟೆ ಬಸ್ಸಿನಲ್ಲಿ ಕಳೆಯುತ್ತೀರಿ, ಅಲ್ಲಿ ಪುಸ್ತಕ ಹಿಡಿದರೆ ತಲೆ ಸುತ್ತುತ್ತದೆ, ಹಾಗಾಗಿ ಕೇಳೋಣ ಎಂದುಕೊಂಡಿದ್ದೀರಿ. ಆದರೆ ಕೊಲೆಗಾರ ಯಾರೆಂಬುದು ಧ್ವನಿಯಲ್ಲೇ ತಿಳಿದುಬಿಟ್ಟರೆ ಏನು ಗತಿ ಎಂದು ಬರೆದಿದ್ದೀರಿ. ನಿಮ್ಮ ಆತಂಕ ಸುಳ್ಳಲ್ಲ. ಹಾಗೆ ತಿಳಿದುಬಿಟ್ಟ ಪುಸ್ತಕಗಳನ್ನು ನಾನು ಅರ್ಧಕ್ಕೇ ನಿಲ್ಲಿಸಿದ್ದೇನೆ.

ನಾನು ಸಾಗರದಲ್ಲಿ ಸೀರೆಗಳಿಗೆ ಕುಚ್ಚು ಕಟ್ಟುತ್ತೇನೆ. ಸೆರಗಿನ ಎಳೆಗಳನ್ನು ಬಿಡಿಸಿ, ಹೊಸೆದು, ಮಣಿ ಪೋಣಿಸಿ ಗಂಟು ಹಾಕುವ ಕೆಲಸ. ಮದುವೆ ಸೀರೆಯಾದರೆ ಒಂದಕ್ಕೇ ಎರಡು ದಿನ ಹಿಡಿಯುತ್ತದೆ. ಕೈಗೂ ಕಣ್ಣಿಗೂ ಕೆಲಸವಿರುತ್ತದೆ, ಕಿವಿ ಖಾಲಿ. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ್ದೆ, ಆ ರುಚಿ ಹೋಗಿರಲಿಲ್ಲ. ಆರು ವರ್ಷಗಳಿಂದ ದಿನಕ್ಕೆ ನಾಲ್ಕೈದು ಗಂಟೆ ಕೇಳುತ್ತಿದ್ದೇನೆ, ಅದರಲ್ಲಿ ಹೆಚ್ಚಿನದು ಕೊಲೆ, ಕಾಣೆಯಾದವರು, ಸುಳ್ಳು ಹೇಳುವ ಗಂಡ ಹೆಂಡಿರ ಕಥೆಗಳೇ.

ಮೊದಲು ಒಂದು ಘಟನೆ ಹೇಳುತ್ತೇನೆ. ಪೌಲಾ ಹಾಕಿನ್ಸ್ ಅವರ ‘ದಿ ಗರ್ಲ್ ಆನ್ ದಿ ಟ್ರೇನ್’ ಕೇಳುತ್ತಿದ್ದ ದಿನ ಇಯರ್‌ಫೋನಿನ ಚಾರ್ಜ್ ಮುಗಿಯಿತು. ಅರ್ಧ ಕಟ್ಟಿದ ಸಾಲನ್ನು ಬಿಟ್ಟು ಏಳುವಂತಿರಲಿಲ್ಲ, ಮೊಬೈಲಿನ ಸ್ಪೀಕರಿನಲ್ಲೇ ಹಾಕಿದೆ. ಪಕ್ಕದಲ್ಲಿ ಅತ್ತೆ ನನಗಾಗಿ ಮಣಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತ ಕುಳಿತಿದ್ದರು. ಅವರಿಗೆ ಇಂಗ್ಲಿಷ್ ಒಂದಕ್ಷರವೂ ಬಾರದು. ಹತ್ತು ನಿಮಿಷ ಸುಮ್ಮನೆ ಇದ್ದವರು ತಲೆ ಎತ್ತದೆಯೇ ಕೇಳಿದರು: “ಈ ಹುಡುಗಿ ಅತ್ತು ಮುಗಿಸಿ ಮಾತಾಡುತ್ತಿದ್ದಾಳಲ್ಲವೇನೇ?”

ಆ ಹುಡುಗಿ ರೇಚಲ್. ಗಂಡ ಬಿಟ್ಟಿದ್ದಾನೆ, ಕುಡಿತ ಹಿಡಿದಿದೆ. ದಿನವೂ ಲಂಡನ್ನಿಗೆ ಹೋಗುವ 8.04ರ ರೈಲಿನ ಕಿಟಕಿಯಿಂದ ಯಾರದೋ ಮನೆಯ ದಂಪತಿಯನ್ನು ನೋಡುತ್ತ ಅವರಿಗೆ ತಾನೇ ಹೆಸರಿಟ್ಟು, ತಾನೇ ಬದುಕು ಕಟ್ಟಿಕೊಡುತ್ತಾಳೆ. ಆ ಮನೆಯ ಹೆಂಗಸು ಕಾಣೆಯಾದ ರಾತ್ರಿ ರೇಚಲ್ ಕುಡಿದಿದ್ದಳು, ಏನು ನಡೆಯಿತೆಂಬುದು ಅವಳಿಗೆ ನೆನಪಿಲ್ಲ. ಅವಳ ಭಾಗವನ್ನು ಓದಿದವರು ಕ್ಲೇರ್ ಕಾರ್ಬೆಟ್. ಅತ್ತೆ ಗುರುತಿಸಿದ ಅಳು ಆ ಪುಟದ ಯಾವ ಪದದಲ್ಲೂ ಇರಲಿಲ್ಲ. ಆಮೇಲೆ ಪುಸ್ತಕ ತರಿಸಿ ಆ ಪುಟ ತೆಗೆದು ನೋಡಿದೆ. ಅಲ್ಲಿದ್ದದ್ದು ರೈಲು, ಹವೆ, ಹಳಿಯ ಪಕ್ಕದ ಮನೆಗಳ ವಿಷಯ ಮಾತ್ರ. ಓದುಗಿತ್ತಿ ಅದನ್ನು ಗಂಟಲು ಆರಿದವಳಂತೆ ಓದಿದ್ದರು, ಅಷ್ಟೇ. ಒಂದು ಕಡೆಯೂ ಬಿಕ್ಕಳಿಸಿರಲಿಲ್ಲ.

ಇದನ್ನೇ ನಾನು ಒಳ್ಳೆಯ ವಾಚನ ಎನ್ನುತ್ತೇನೆ. ಪಾತ್ರಕ್ಕೆ ಆಗಿರುವುದನ್ನು ಓದುವವರು ತಿಳಿದಿರಬೇಕು, ನಮಗೆ ಹೇಳಿಬಿಡಬಾರದು. ಆ ಪುಸ್ತಕದಲ್ಲಿ ಮೂವರು ಹೆಂಗಸರು ಸರದಿಯಲ್ಲಿ ಕಥೆ ಹೇಳುತ್ತಾರೆ, ಮೂವರಿಗೂ ಬೇರೆ ಬೇರೆ ಓದುಗಿತ್ತಿಯರು: ಕಾರ್ಬೆಟ್ ಅವರ ಜೊತೆಗೆ ಲೂಯಿಸ್ ಬ್ರೀಲಿ ಮತ್ತು ಇಂಡಿಯಾ ಫಿಶರ್. 2016ರಲ್ಲಿ ಅಮೆರಿಕದ ಆಡಿ ಪ್ರಶಸ್ತಿಗಳಲ್ಲಿ ವರ್ಷದ ಆಡಿಯೊ ಪುಸ್ತಕ ಎಂಬ ಗೌರವ ಅದಕ್ಕೆ ಬಂತು. ಬಂದದ್ದು ನ್ಯಾಯವೇ ಎಂದು ನನ್ನ ಮನಸ್ಸು ಹೇಳುತ್ತದೆ.

ಆದರೂ ಅದರಲ್ಲಿ ಒಂದು ತೊಡಕಿದೆ, ಮೊದಲೇ ತಿಳಿದಿರಲಿ. ಪ್ರತಿ ಭಾಗದ ತಲೆಯಲ್ಲಿ ದಿನಾಂಕವಿದೆ. ಮೇಗನ್ ಎಂಬವಳ ಕಥೆ ರೇಚಲ್‌ಳ ಕಥೆಗಿಂತ ಒಂದು ವರ್ಷ ಹಿಂದಿನಿಂದ ಹೊರಟು ನಿಧಾನವಾಗಿ ಹತ್ತಿರ ಬರುತ್ತದೆ. ಕಾಗದದ ಮೇಲಾದರೆ ಕಣ್ಣು ತಾನಾಗಿ ಮೇಲಕ್ಕೆ ಹೋಗಿ ತಾರೀಖು ನೋಡಿಕೊಂಡು ಬರುತ್ತದೆ. ಕಿವಿಗೆ ಆ ಸೌಕರ್ಯವಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೊಡುವ ಹೊತ್ತಿಗೆ ತಾರೀಖು ಹೇಳಿ ಮುಗಿದಿರುತ್ತದೆ, ಮುಂದಿನ ಅರ್ಧ ಗಂಟೆ ಯಾವ ವರ್ಷದಲ್ಲಿದ್ದೇವೆಂದು ತಿಳಿಯುವುದಿಲ್ಲ. ನಾನು ಸೀರೆ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯಲ್ಲಿ ಹೆಸರು, ತಿಂಗಳು ಗುರುತು ಹಾಕಿಕೊಳ್ಳುತ್ತೇನೆ. ಗಿಲಿಯನ್ ಫ್ಲಿನ್ ಅವರ ‘ಗಾನ್ ಗರ್ಲ್’ ಕೇಳುವಾಗಲೂ ಇದೇ ಮಾಡಬೇಕು; ಗಂಡನ ಮಾತು ಹೆಂಡತಿ ಕಾಣೆಯಾದ ದಿನದಿಂದ ಮುಂದಕ್ಕೆ ಹೋಗುತ್ತದೆ, ಅವಳ ದಿನಚರಿ ವರ್ಷಗಳ ಹಿಂದಿನಿಂದ ಬರುತ್ತದೆ. ಸುಮಾರು 19 ಗಂಟೆಗಳ ಪುಸ್ತಕ ಅದು, ಮೊದಲನೆಯದಾಗಿ ಆರಿಸಿಕೊಳ್ಳಬೇಡಿ.

ಇನ್ನು ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಧ್ವನಿ ಗುಟ್ಟು ಬಿಟ್ಟುಕೊಡುವುದು ಹಲವು ದಾರಿಗಳಲ್ಲಿ. ಥ್ರಿಲ್ಲರ್‌ಗಳಲ್ಲಿ ನಡುನಡುವೆ ಹೆಸರಿಲ್ಲದ ಒಂದು ಪುಟ ಬರುತ್ತದೆಯಲ್ಲ, ಕೊಲೆಗಾರನೇ ಮಾತನಾಡುವಂಥದ್ದು? ಕಾಗದಕ್ಕೆ ಕಂಠವಿಲ್ಲ. ಅದು ಗಂಡೋ ಹೆಣ್ಣೋ, ಮುದುಕರೋ ಹುಡುಗರೋ ಎಂದು ನಾವು ಅನುಮಾನದಲ್ಲೇ ಇರುತ್ತೇವೆ. ಇಂಗ್ಲಿಷಿನಲ್ಲಿ ‘ನಾನು’ ಎಂದು ಹೇಳಿಕೊಂಡು ಹೋದರೆ ಲಿಂಗ ಕಾಣುವುದೇ ಇಲ್ಲ. ಆಡಿಯೊದಲ್ಲಿ ಆ ಪುಟವನ್ನು ಯಾರೋ ಒಬ್ಬರು ಓದಲೇಬೇಕು. ಆಗ ಗಡಸು ಗಂಡು ಧ್ವನಿಯೊಂದನ್ನು ತಂದು ಕೂರಿಸಿದರೆ ಕಥೆಯ ಅರ್ಧ ಜನ ಅನುಮಾನದ ಪಟ್ಟಿಯಿಂದ ಆಚೆ ಹೋದಂತೆಯೇ. ಇಡೀ ಪುಸ್ತಕವನ್ನು ಒಬ್ಬರೇ ಓದಿದ್ದರೆ ಈ ಅಪಾಯ ಕಡಿಮೆ. ಹಾಗಾಗಿ ಪಾತ್ರಕ್ಕೊಬ್ಬರಂತೆ ಹತ್ತು ಜನ ಸೇರಿ ಓದಿದ್ದೆಂದು ಜಾಹೀರಾತು ಮಾಡುವ ಪತ್ತೇದಾರಿ ಪುಸ್ತಕಗಳ ಬಳಿಗೆ ನಾನು ಹೋಗುವುದಿಲ್ಲ.

ಒಬ್ಬರೇ ಓದುವಾಗಲೂ ಕೆಲವರು ಹೆಣ್ಣಿಗೆ ಕೀರಲು ಸ್ವರ, ಕಳ್ಳನಿಗೆ ಗೊಗ್ಗರು ಸ್ವರ ಹಾಕುತ್ತಾರೆ. ನಮ್ಮ ಕಡೆ ತಾಳಮದ್ದಳೆ ಕೇಳಿ ಬೆಳೆದ ಕಿವಿಗೆ ಇದು ಸಹಿಸದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಪಂಚೆ ಉಟ್ಟು ಕುಳಿತ ಅರ್ಥಧಾರಿ ತನ್ನದೇ ಗಂಡಸು ಕಂಠದಲ್ಲಿ ಅಂಬೆಯ ಅರ್ಥ ಹೇಳುತ್ತಾನೆ. ಭೀಷ್ಮನೆದುರು ಅವಳ ಅವಮಾನ ಏನೆಂದು ಮಾತಿನಲ್ಲೇ ತೋರಿಸುತ್ತಾನೆ, ನಮಗೆ ಅಂಬೆ ಕಾಣುತ್ತಾಳೆ. ಪಾತ್ರ ಹುಟ್ಟುವುದು ವಾದದಿಂದ, ಎಲ್ಲಿ ತಡೆದು ಎಲ್ಲಿ ಮುಂದುವರಿದ ಎಂಬುದರಿಂದ. ಆಡಿಯೊ ಪುಸ್ತಕದವರಿಗೂ ಇಷ್ಟೇ ಸಾಕು.

ಇನ್ನೊಂದು ಹಾಳು ಅಭ್ಯಾಸವೆಂದರೆ ಹಿನ್ನೆಲೆ ಸದ್ದು. ಎಡ್ಗರ್ ಆಲನ್ ಪೋ 1843ರಲ್ಲಿ ಪ್ರಕಟಿಸಿದ ‘ದಿ ಟೆಲ್-ಟೇಲ್ ಹಾರ್ಟ್’ ಎಂಬ ಚಿಕ್ಕ ಕಥೆಯಿದೆ. ಕೊಲೆ ಮಾಡಿದವನೇ ಹೇಳುತ್ತಾನೆ, ತನಗೆ ಹುಚ್ಚಿಲ್ಲ ಎಂದು ಪದೇ ಪದೇ ಸಾಧಿಸುತ್ತಾನೆ, ಕೊನೆಗೆ ನೆಲದ ಹಲಗೆಯ ಕೆಳಗಿನಿಂದ ಸತ್ತವನ ಎದೆಬಡಿತ ಕೇಳುತ್ತಿದೆ ಎನ್ನುತ್ತಾನೆ. ಆ ಸದ್ದು ನಿಜಕ್ಕೂ ಇದೆಯೇ, ಅವನ ತಲೆಯೊಳಗಿನದೇ? ಕಥೆಯ ಪ್ರಾಣವೇ ಆ ಪ್ರಶ್ನೆ. ನಾನು ಕೇಳಿದ ಒಂದು ಧ್ವನಿಮುದ್ರಣದಲ್ಲಿ ಆ ಜಾಗಕ್ಕೆ ಸರಿಯಾಗಿ ‘ಡಬ್ ಡಬ್’ ಎಂದು ನಿಜವಾದ ಬಡಿತವನ್ನೇ ಸೇರಿಸಿದ್ದರು. ನನಗೂ ಕೇಳಿಸಿತು ಎಂದ ಮೇಲೆ ಅವನು ಹೇಳಿದ್ದು ಸತ್ಯವೆಂದಾಯಿತು, ಕಥೆ ಅಲ್ಲೇ ಸತ್ತಿತು. ಅದೇ ಕಥೆಯನ್ನು ಬೇರೊಬ್ಬರು ಯಾವ ಸದ್ದೂ ಇಲ್ಲದೆ, ಮಾತಿನ ವೇಗವನ್ನು ಮಾತ್ರ ಏರಿಸುತ್ತ ಓದಿದ್ದನ್ನು ಕೇಳಿದಾಗ ಕೈಯಲ್ಲಿದ್ದ ದಾರ ಅಲ್ಲೇ ನಿಂತಿತು. ಒಂದು ಗಂಟನ್ನು ಬಿಚ್ಚಿ ಮತ್ತೆ ಹಾಕಬೇಕಾಯಿತು.

ಗುಟ್ಟು ರಟ್ಟಾಗುವ ಮೂರನೆಯ ದಾರಿ ಮೊಬೈಲಿನ ಪರದೆ. ಇನ್ಸ್‌ಪೆಕ್ಟರ್ ಒಬ್ಬನಿಗೆ ಕೋಳ ಹಾಕಿದ ಕ್ಷಣದಲ್ಲಿ ಪರದೆಯ ಮೇಲೆ “ಇನ್ನು 2 ಗಂಟೆ 40 ನಿಮಿಷ” ಎಂದಿದ್ದರೆ ಅವನು ಕೊಲೆಗಾರನಲ್ಲ ಎಂಬುದು ಯಾರಿಗೂ ಗೊತ್ತಾಗುತ್ತದೆ. ಪುಸ್ತಕದಲ್ಲೂ ಉಳಿದ ಪುಟಗಳ ದಪ್ಪ ಬೆರಳಿಗೆ ತಿಳಿಯುತ್ತದೆ, ನಿಜ. ನಿಮಿಷದ ಲೆಕ್ಕ ಮಾತ್ರ ಅದಕ್ಕಿಂತ ಕ್ರೂರ. ಫೋನನ್ನು ಮಗುಚಿಟ್ಟು ಕೇಳಿ.

ಓದುವುದಕ್ಕಿಂತ ಕೇಳುವುದೇ ಮೇಲು ಅನ್ನಿಸಿದ ಪುಸ್ತಕಗಳೂ ಇವೆ. ಅಲೆಕ್ಸ್ ಮೈಕೇಲಿಡಿಸ್ ಅವರ ‘ದಿ ಸೈಲೆಂಟ್ ಪೇಷೆಂಟ್’ 2019ರದು. ಅಲಿಸಿಯಾ ಎಂಬ ಚಿತ್ರಕಾರ್ತಿ ಗಂಡನನ್ನು ಗುಂಡಿಟ್ಟು ಕೊಂದಳೆಂಬ ಆರೋಪ ಹೊತ್ತು, ಅಂದಿನಿಂದ ಒಂದೇ ಒಂದು ಮಾತನ್ನೂ ಆಡಿಲ್ಲ. ಅವಳನ್ನು ಮಾತನಾಡಿಸಲೇಬೇಕೆಂದು ಹೊರಟ ಮನೋಚಿಕಿತ್ಸಕ ಥಿಯೊನ ಭಾಗವನ್ನು ಜಾಕ್ ಹಾಕಿನ್ಸ್ ಓದುತ್ತಾರೆ. ಅವಳ ದಿನಚರಿಯನ್ನು ಓದುವವರು ಅದೇ ಲೂಯಿಸ್ ಬ್ರೀಲಿ. ಪುಸ್ತಕದಲ್ಲಿ ದಿನಚರಿ ಬೇರೊಂದು ಅಧ್ಯಾಯ, ಅಷ್ಟೇ. ಕೇಳುವಾಗ ಆಗುವುದೇ ಬೇರೆ: ಆಸ್ಪತ್ರೆಯಲ್ಲಿ ಎಲ್ಲರೂ ಕಾಯುತ್ತಿರುವ ಧ್ವನಿ ನಮ್ಮ ಕಿವಿಯಲ್ಲಿ ಮಾತ್ರ ಇರುತ್ತದೆ. ಥಿಯೊ ಅವಳೆದುರು ಕುಳಿತು ಮೌನವನ್ನು ಸಹಿಸುವಾಗೆಲ್ಲ ನನಗೆ ಅವಳ ಸ್ವರ ನೆನಪಾಗುತ್ತಿತ್ತು. ಇದನ್ನು ಕಾಗದ ಕೊಡಲಾರದು.

ಎಲ್ಲಕ್ಕಿಂತ ಹೆಚ್ಚು ಸಲ ಕೇಳಿರುವುದು ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’. 1926ರಲ್ಲಿ ಬಂದಾಗ ಓದುಗರೊಂದಿಗೆ ಹೀಗೆ ಆಡುವುದು ನ್ಯಾಯವೇ ಎಂಬ ವಾದವೇ ಎದ್ದಿತ್ತು. ಏಕೆ ಎಂದು ನಾನು ಬಾಯಿ ಬಿಡುವುದಿಲ್ಲ. ಹಳ್ಳಿಯ ವೈದ್ಯ ಶೆಪರ್ಡ್ ಕಥೆ ಹೇಳುತ್ತಾನೆ. ಊರಿನ ಸುದ್ದಿಯೆಲ್ಲ ಮನೆಯಲ್ಲಿ ಕುಳಿತೇ ತಿಳಿದುಕೊಳ್ಳುವ ಅಕ್ಕ ಕ್ಯಾರೊಲಿನ್ ಇದ್ದಾಳೆ, ಪಕ್ಕದ ಮನೆಯಲ್ಲಿ ತರಕಾರಿ ಬೆಳೆಯುತ್ತ ನಿವೃತ್ತಿ ಜೀವನ ನಡೆಸಲು ಬಂದ ಪತ್ತೇದಾರ ಪೊಯಿರೊ ಇದ್ದಾನೆ. ಹ್ಯೂ ಫ್ರೇಸರ್ ಓದಿರುವ ಆವೃತ್ತಿಯನ್ನು ಹುಡುಕಿ. ಪೊಯಿರೊ ಟೀವಿ ಧಾರಾವಾಹಿಯಲ್ಲಿ ಕ್ಯಾಪ್ಟನ್ ಹೇಸ್ಟಿಂಗ್ಸ್ ಆಗಿದ್ದವರು ಅವರೇ. ಯಾವ ವಾಕ್ಯದ ಮೇಲೂ ಅವರು ಭಾರ ಹಾಕುವುದಿಲ್ಲ. ಎರಡನೆಯ ಸಲ ಕೇಳುವಾಗ, ಎಲ್ಲ ತಿಳಿದ ಮೇಲೆ, ಅಂಥ ಒಂದು ವಾಕ್ಯ ಹತ್ತಿರವಾಗುತ್ತಿದ್ದಂತೆ ನಾನು ಉಸಿರು ಹಿಡಿದೆ, ಈಗಲಾದರೂ ಸ್ವರ ಸ್ವಲ್ಪ ನಡುಗಬಹುದೆಂದು. ನಡುಗಲಿಲ್ಲ. ಚಹಾ ಕುಡಿದ ವಿಷಯ ಹೇಳಿದ ಸ್ವರದಲ್ಲೇ ಅದನ್ನೂ ಹೇಳಿ ಮುಂದೆ ಹೋದರು. ಮೂವತ್ತು ಸೆಕೆಂಡು ಹಿಂದಕ್ಕೆ ಹೋಗಿ ಮೂರು ಸಲ ಕೇಳಿದೆ. ಇಷ್ಟು ಪ್ರಾಮಾಣಿಕವಾಗಿ ಗುಟ್ಟು ಕಾಯುವ ಓದು ನನಗೆ ಬೇರೆ ಸಿಕ್ಕಿಲ್ಲ.

ಕನ್ನಡದಲ್ಲಿ ಏನಿದೆ ಎಂದೂ ನೀವು ಕೇಳಿದ್ದೀರಿ. ಇಲ್ಲಿ ನನಗೆ ಆಸೆಯೇ ಹೆಚ್ಚು. ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರು ಹುಟ್ಟಿದ ಭಾಷೆ ನಮ್ಮದು. ಒಂದು ಕಾಲದಲ್ಲಿ ಬಾಡಿಗೆ ಲೈಬ್ರರಿಗಳಲ್ಲಿ ಪತ್ತೇದಾರ ಪುರುಷೋತ್ತಮನಿಗೆ ಜನ ಸರದಿ ಕಾಯುತ್ತಿದ್ದರು ಎಂದು ನಮ್ಮ ಮಾವ ಹೇಳುತ್ತಿದ್ದರು. ಮನಸ್ಸಿನ ಒಳಗಿನ ಭಯವನ್ನು ಬರೆದವರೆಂದರೆ ಮನಶ್ಶಾಸ್ತ್ರ ಓದಿಕೊಂಡಿದ್ದ ತ್ರಿವೇಣಿ. ಆದರೆ ನಾನು ಕೇಳಿದ ಕನ್ನಡ ಪತ್ತೇದಾರಿ ಆಡಿಯೊಗಳಲ್ಲಿ ಬಹುಪಾಲು ಒಂದೋ ವಾರ್ತೆ ಓದಿದಂತಿದ್ದವು, ಇಲ್ಲವೇ ಪ್ರತಿ ಸಾಲಿಗೂ ಭೂತದ ಸಿನಿಮಾದ ಸಂಗೀತ ಬಡಿಯುತ್ತಿತ್ತು. ಬಾನುಲಿ ನಾಟಕಗಳನ್ನು ಇಷ್ಟು ಚೆನ್ನಾಗಿ ಆಡಿದ ಭಾಷೆಗೆ ಒಬ್ಬರೇ ಕುಳಿತು ಶಾಂತವಾಗಿ ಓದುವವರು ಸಿಗುವುದಿಲ್ಲವೇ? ಸಿಗಬೇಕು, ಸಿಗುತ್ತಾರೆ.

ಅಲ್ಲಿಯವರೆಗೆ ಮನೆಯಲ್ಲಿ ನಾನೇ ಓದುತ್ತಿದ್ದೇನೆ. ಈ ಮಳೆಗಾಲದಲ್ಲಿ ಕರೆಂಟು ಹೋದ ಸಂಜೆಗಳಲ್ಲಿ ಅತ್ತೆಗೆ ತ್ರಿವೇಣಿಯವರ ‘ಶರಪಂಜರ’ ಓದಿ ಹೇಳಿದೆ. ಅದನ್ನು ಯಾರೂ ಥ್ರಿಲ್ಲರ್ ಎಂದು ಕರೆಯುವುದಿಲ್ಲ. ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮರಳಿದ ಕಾವೇರಿಯ ಒಂದೊಂದು ನಡೆಯನ್ನೂ ಸುತ್ತಲಿನವರು ಹುಚ್ಚೇ ಎಂದು ಅಳೆಯುವುದಕ್ಕಿಂತ ದೊಡ್ಡ ಉಸಿರುಗಟ್ಟುವಿಕೆ ನನಗೆ ಯಾವ ಕೊಲೆ ಕಥೆಯಲ್ಲೂ ಸಿಕ್ಕಿಲ್ಲ. ಒಂದು ಕಡೆ ನಾನು ಸ್ವರ ತಗ್ಗಿಸಿ, ಪಿಸುಗುಟ್ಟಿ ಓದಿದೆ. ಅತ್ತೆ ತಡೆದರು. “ಹೆದರಿಸಬೇಡ. ಸುಮ್ಮನೆ ಓದು, ನನಗೆ ಗೊತ್ತಾಗುತ್ತದೆ.”

ಎಲ್ಲಿಂದ ಆರಂಭಿಸಬೇಕು ಎಂದರೆ, ಪೋ ಅವರ ಕಥೆಯಿಂದ. ಲಿಬ್ರಿವಾಕ್ಸ್ ತಾಣದಲ್ಲಿ ಸ್ವಯಂಸೇವಕರು ಓದಿರುವ ಪ್ರತಿಗಳು ಉಚಿತವಾಗಿ ಸಿಗುತ್ತವೆ. ಕಾಲು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ, ಒಂದೇ ಬಸ್ ಪ್ರಯಾಣದಲ್ಲಿ ಇಬ್ಬರ ಓದನ್ನು ಹೋಲಿಸಬಹುದು. ಅದು ಹಿಡಿಸಿದರೆ ‘ಆಕ್ರಾಯ್ಡ್’. ದುಡ್ಡು ಕೊಡುವ ಮೊದಲು ಮಾದರಿ ತುಣುಕು ಕೇಳಿ, ಅದರಲ್ಲಿ ಇಬ್ಬರ ಸಂಭಾಷಣೆ ಬರುವವರೆಗೂ ಕೇಳಿ. ವರ್ಣನೆಯನ್ನು ಎಲ್ಲರೂ ಚೆನ್ನಾಗಿಯೇ ಓದುತ್ತಾರೆ. ಬ್ರಿಟಿಷ್ ಉಚ್ಚಾರಣೆ ಮೊದಮೊದಲು ಕಿವಿಗೆ ಒಗ್ಗದಿದ್ದರೆ ಮೊದಲ ಅಧ್ಯಾಯವನ್ನು ಪುಸ್ತಕದಲ್ಲಿ ಓದಿಕೊಂಡು ಅದನ್ನೇ ಕೇಳಿ, ಹೆಸರುಗಳು ಕೂರುತ್ತವೆ. ವೇಗವನ್ನು ಮಾತ್ರ ಹೆಚ್ಚಿಸಬೇಡಿ. ಒಂದೂವರೆ ಪಟ್ಟು ವೇಗದಲ್ಲಿ ಕೇಳಿದರೆ ಕಥೆ ತಿಳಿಯುತ್ತದೆ, ಒಬ್ಬಳು ಉತ್ತರ ಕೊಡುವ ಮೊದಲು ಅರೆಕ್ಷಣ ತಡೆದದ್ದು ತಪ್ಪಿಹೋಗುತ್ತದೆ. ರೇಚಲ್‌ಳ ಪುಸ್ತಕವನ್ನು ಮೂರನೆಯದಾಗಿ ಇಟ್ಟುಕೊಳ್ಳಿ, ಪಕ್ಕದಲ್ಲಿ ಒಂದು ಚೀಟಿ ಮತ್ತು ಪೆನ್ನು ಇರಲಿ.