ರೊಟ್ಟಿ ಬಡಿಯಲು ಒಲ್ಲೆನೆಂದ ಹುಡುಗಿ

ಮಕ್ಕಳ ನ್ಯಾಯ ಕಾಯ್ದೆ 2015ರ 74ನೇ ಕಲಮಿನಂತೆ ಪಾಲನೆ, ರಕ್ಷಣೆ ಬೇಕಾದ ಮಕ್ಕಳ ಗುರುತನ್ನು ಬಹಿರಂಗಪಡಿಸುವಂತಿಲ್ಲ. ಆದ್ದರಿಂದ ಹೆಸರು, ಓಣಿ, ಶಾಲೆಗಳನ್ನು ಬಿಟ್ಟು, ಕೆಲವು ವಿವರಗಳನ್ನು ಬದಲಿಸಿ ಬರೆದಿದ್ದೇನೆ.

ಬಾಲಕಿಗೆ 15 ವರ್ಷ. ಯಾದಗಿರಿ ಕಡೆಯ ಹಳ್ಳಿಯವಳಾದ ಅವಳನ್ನು ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಪೋಷಕತ್ವ ಯೋಜನೆಯಡಿ (ಮಗುವನ್ನು ಬೇರೊಂದು ಕುಟುಂಬ ತನ್ನ ಮನೆಯಲ್ಲಿ ಸಾಕುವ ವ್ಯವಸ್ಥೆ, ಫಾಸ್ಟರ್ ಕೇರ್) ಕಲಬುರಗಿ ನಗರದ ಒಂದು ಕುಟುಂಬಕ್ಕೆ ಒಪ್ಪಿಸಲಾಗಿತ್ತು. ಆ ಮನೆಯಲ್ಲಿ ಅವಳ ವಾರಿಗೆಯ ಮಗನೊಬ್ಬನಿದ್ದಾನೆ. ಪೋಷಕ ತಾಯಿ ಸಲಹೆ ಕೇಳಲು ನನ್ನಲ್ಲಿಗೆ ಬಂದದ್ದು ಒಂದೇ ದೂರಿನೊಂದಿಗೆ: ಹುಡುಗಿ ಅಡುಗೆ ಕಲಿಯುವುದಿಲ್ಲ, ಹಿಟ್ಟು ಕೊಟ್ಟರೆ ಕೆಡಿಸಿಡುತ್ತಾಳೆ. "ನಾಳಿ ಮಂದಿ ಮನಿಗಿ ಹೋಗಾಕಿ, ಒಂದು ರೊಟ್ಟಿ ಬಡಿಲಕ್ಕ ಬರಲಿಲ್ಲಂದ್ರ ನಾ ಏನು ಕಲಿಸಿದಂಗಾತ್ರೀ ಮೇಡಂ?" ಎಂದು ಕೇಳಿದರು. ಅವರ ಕಾಳಜಿ ನಿಜವಾದದ್ದೇ.

ಹುಡುಗಿಯನ್ನು ಬೇರೆಯಾಗಿ ಕೂರಿಸಿಕೊಂಡು, ರೊಟ್ಟಿ ಏಕೆ ಹರಿಯುತ್ತದೆ ಎಂದಷ್ಟೇ ಕೇಳಿದೆ. "ಎಸರು ಇಡದ ತಣ್ಣೀರಾಗ ನಾದಿದ್ರ ಹರೀತದ್ರಿ, ಹಿಟ್ಟು ಹಳೇದಾದ್ರೂ ಹರೀತದ" ಎಂದು ತಡವರಿಸದೆ ಹೇಳಿದಳು. ಗೋಧಿಯಲ್ಲಿರುವಂತಹ ಜಿಗುಟು ಜೋಳದ ಹಿಟ್ಟಿನಲ್ಲಿ ಇಲ್ಲದಿರುವುದರಿಂದ ಅದು ಕುದಿನೀರಿನಲ್ಲಿಯೇ ಕೂಡಿಕೊಳ್ಳಬೇಕು ಎಂಬುದು ಪುಸ್ತಕ ಓದಿ ಬರುವ ತಿಳಿವಳಿಕೆಯಲ್ಲ, ಹಂಚಿನ ಮುಂದೆ ಕೂತವರಿಗೇ ಬರುವಂಥದ್ದು. ತಾಯಿ ತೀರಿಕೊಂಡ ಮೇಲೆ 9ನೇ ವಯಸ್ಸಿನಿಂದ ಕಟ್ಟಿಗೆ ಒಲೆಯಲ್ಲಿ ಐದಾರು ಮಂದಿಗೆ ಅವಳೇ ರೊಟ್ಟಿ ಬಡಿದು ಹಾಕುತ್ತಿದ್ದಳು. ತಂದೆ ದುಡಿಯಲು ಪುಣೆಗೆ ಹೋದಾಗ ಶಾಲೆಯೂ ಬಿಟ್ಟಿತ್ತು. ಈಗ ಈ ಮನೆಯಲ್ಲಿಯೂ ಹಿಟ್ಟಿನ ಪರಾತ ಮುಂದೆ ಬಂದೊಡನೆ, ತನ್ನನ್ನು ಕೆಲಸಕ್ಕೆಂದೇ ತಂದಿದ್ದಾರೆ ಎಂದು ಅವಳು ತಿಳಿದಳು. ಮಗನಿಗೆ ಯಾರೂ ಪರಾತ ಕೊಡಲಿಲ್ಲ ಎಂಬುದನ್ನೂ ಗಮನಿಸಿದ್ದಳು.

ಪೋಷಕ ತಾಯಿಗೆ ನಾನು ಹೇಳಿದ್ದು ಸ್ವಲ್ಪ ಕಟುವಾಗಿಯೇ ಇತ್ತು. ಪೋಷಕತ್ವದಲ್ಲಿರುವ ಮಗುವಿನಿಂದ ಮನೆಗೆಲಸ ದುಡಿಸಿಕೊಳ್ಳುವುದು ಆ ಮಗುವನ್ನು ಹಿಂದಕ್ಕೆ ಪಡೆಯಲು ಸಮಿತಿಗೆ ಕಾರಣವಾಗಬಹುದು; ನೀವು ದುಡಿಸುತ್ತಿಲ್ಲವೆಂದು ನನಗೆ ಗೊತ್ತು, ಆದರೆ ಅವಳಿಗೆ ಅದು ಗೊತ್ತಾಗಬೇಕು ಎಂದೆ. ಸದ್ಯಕ್ಕೆ ರೊಟ್ಟಿಯ ಮಾತನ್ನು ಸಂಪೂರ್ಣ ಬಿಡಬೇಕು, "ಮಂದಿ ಮನಿ" ಎಂಬ ಮಾತನ್ನು ಎತ್ತಬಾರದು, ಬಂದವರ ಮುಂದೆ ಅವಳ ಕೈಯಡುಗೆಯನ್ನು ತೋರಿಸಬಾರದು, ಕಲಿಸುವುದಾದರೆ ಮಗನಿಗೂ ಅವಳಿಗೂ ಕೂಡಿಯೇ ಕಲಿಸಬೇಕು, ಇಲ್ಲವಾದರೆ ಇಬ್ಬರಿಗೂ ಬೇಡ ಎಂದು ಸಲಹೆ ನೀಡಿದೆ. ಮಕ್ಕಳ ರಕ್ಷಣೆಗಾಗಿ ಇರುವ ಸರ್ಕಾರಿ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ ಬರುವ 4000 ರೂಪಾಯಿ ಅವಳ ಖರ್ಚಿನದ್ದು, ದುಡಿಮೆಯ ಕೂಲಿಯಲ್ಲ ಎಂಬುದನ್ನು ಅವಳೆದುರಿಗೇ ಹೇಳುವಂತೆ ಕೇಳಿಕೊಂಡೆ.

ಹಾಗಾದರೆ ಅವಳಿಗೆ ಕಲಿಸುವುದೇನು? ಬಹಳವೇ ಇತ್ತು. ಐದಾರು ಮಂದಿಯ ಅಂದಾಜಿನಲ್ಲಿ ಬೆಳೆದವಳಿಗೆ ಒಬ್ಬರಿಗೆ ಎಷ್ಟು ತೊಗರಿ ಬೇಳೆ ಸಾಕೆಂಬುದು ತಿಳಿದಿರಲಿಲ್ಲ. ಕುಕ್ಕರಿನ ಸೀಟಿಗೆ ಅಂಜುತ್ತಿದ್ದಳು. ಗ್ಯಾಸಿನ ರೆಗ್ಯುಲೇಟರ್ ಮುಟ್ಟಿದವಳಲ್ಲ. ಸಂತೆಯಲ್ಲಿ ದುಡ್ಡು ಕೈಯಲ್ಲಿ ಹಿಡಿದು ತಾನೇ ಆರಿಸಿ ಕೊಂಡವಳಲ್ಲ. 18 ತುಂಬಿದ ಮೇಲೆ ಇಂತಹ ಪಾಲನೆಯಿಂದ ಹೊರಬರುವವರಿಗೆ ಕೊಡುವ ಅನುಪಾಲನಾ ನೆರವು ಸಾಮಾನ್ಯವಾಗಿ 21ರವರೆಗೆ ಮಾತ್ರ ಸಿಗುವುದರಿಂದ, ಖೋಲಿ ಹಿಡಿದು ಒಬ್ಬಳೇ ಇರಬೇಕಾದಾಗ ಅವಳಿಗೆ ಬೇಕಾಗುವುದು ಇದೇ. ವಾರಕ್ಕೊಮ್ಮೆ ಏನು ಮಾಡಬೇಕೆಂಬುದನ್ನು ಅವಳೇ ಗೊತ್ತುಮಾಡಲಿ, ಸಾಮಾನನ್ನು ಅವಳೇ ತರಲಿ, ಸೀದರೂ ಬೈಯದೆ ಎಲ್ಲರೂ ಉಣ್ಣಲಿ ಎಂದು ತೀರ್ಮಾನಿಸಿದೆವು. ಸುಟ್ಟಲ್ಲಿ ಟೂತ್‌ಪೇಸ್ಟ್ ಹಚ್ಚದೆ 20 ನಿಮಿಷ ಹರಿಯುವ ನೀರಿನಡಿ ಹಿಡಿಯಬೇಕೆಂಬುದನ್ನು ಇಬ್ಬರು ಮಕ್ಕಳಿಗೂ ಮೊದಲು ಹೇಳಿಕೊಟ್ಟದ್ದಾಯಿತು. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನದ ಅಡುಗೆಮನೆಗೆ ದೊಡ್ಡವರೇ ಕಾಲಿಡಲು ಹಿಂಜರಿಯುವುದರಿಂದ ಮುಂಜಾನೆಯ ಹೊತ್ತನ್ನು ಆರಿಸಿದೆವು.

ಅವಳು ಮೊದಲು ಆರಿಸಿದ್ದು ತಹರಿ, ಅಂದರೆ ನಮ್ಮ ಕಡೆಯ ಮಸಾಲೆ ಅನ್ನ. ಉಳ್ಳಾಗಡ್ಡಿ ಹೆಚ್ಚುವ ಕೆಲಸ ಮಗನ ಪಾಲಿಗೆ ಬಂದಿತು. ಅವನು ಗೊಣಗಿದನಾದರೂ ಹೆಚ್ಚಿದ.

ಅವಳು ಇಂದಿಗೂ ರೊಟ್ಟಿ ಬಡಿಯುವುದಿಲ್ಲ. ಪೋಷಕ ತಾಯಿ ಅದನ್ನು ಪ್ರತಿ ಭೇಟಿಯಲ್ಲಿಯೂ ಪ್ರಸ್ತಾಪಿಸುತ್ತಾರೆ. ಅವಳಾಗಿ ಬಡಿಯುವವರೆಗೆ ಕಾಯಿರಿ, ಬಡಿಯದಿದ್ದರೂ ನಡೆಯುತ್ತದೆ ಎಂದೇ ಉತ್ತರಿಸುತ್ತಿದ್ದೇನೆ. ಇದುವರೆಗೆ ಒಮ್ಮೆಯೂ ಬಾರದ ಪೋಷಕ ತಂದೆಯನ್ನು ಮುಂದಿನ ಭೇಟಿಗೆ ಕರೆಸಿದ್ದೇನೆ, ಏಕೆಂದರೆ ಆ ಮನೆಯಲ್ಲಿ ತಟ್ಟೆ ತೊಳೆಯುವ ಸರದಿಯಲ್ಲಿ ಇನ್ನೂ ಹೆಸರಿಲ್ಲದವರು ಅವರೊಬ್ಬರೇ.